ಐದನೇ ವರ್ಷದ ಸ್ಕ್ಯಾನು

ಪಕ್ಕದ ಮಿಷಿನ್ನಿನವಳೇ,

ಈ ಕಾಗದ ನಿನಗೆ ತಲುಪುವುದಿಲ್ಲ. ನಾನು ಆಸ್ಪತ್ರೆಯಲ್ಲಿದ್ದಾಗಲೇ ಕೆಲಸ ಬಿಟ್ಟ ನೀನು ಎಲ್ಲಿಗೆ ಹೋದೆಯೆಂದು ನಮ್ಮ ಹೊಲಿಗೆ ಕಾರ್ಖಾನೆಯಲ್ಲಿ ಯಾರಿಗೂ ಗೊತ್ತಿಲ್ಲ. ಆದರೂ ಇವತ್ತಿನ ಸುದ್ದಿ ಮೊದಲು ನಿನಗೇ ಹೇಳಬೇಕು.

ನಾನು ಪೂರ್ತಿ ಹುಷಾರಾದೆ ಕಣೇ! ನನಗಿದ್ದದ್ದು ಗರ್ಭಕಂಠದ ಕ್ಯಾನ್ಸರುಗಳಲ್ಲೇ ತೀರಾ ಅಪರೂಪದ, ಬಹಳ ಬೇಗ ಹರಡುವ ಜಾತಿ. ಆಪರೇಷನ್, ಕೀಮೋ, ರೇಡಿಯೇಷನ್ ಎಲ್ಲ ಮುಗಿದು ಇಂದಿಗೆ ಐದು ವರ್ಷ. ಡಾಕ್ಟರಮ್ಮ ಸ್ಕ್ಯಾನನ್ನು ಎರಡೆರಡು ಸಲ ನೋಡಿ, "ಏನೂ ಇಲ್ಲಮ್ಮ, ಕ್ಲೀನಾಗಿದೆ" ಎಂದರು. ಖುಷಿ ತಡೆಯದೆ ನಾನು ಅವರನ್ನು ಎತ್ತಿಯೇಬಿಟ್ಟೆ. "ಅಯ್ಯೋ, ಇಳಿಸ್ರೀ! ನಮಗಿರೋದು ಅವರೊಬ್ರೇ!" ಎಂದು ನರ್ಸು ಕಿರುಚಿದಳು. ಮೂವರೂ ಬಿದ್ದು ಬಿದ್ದು ನಕ್ಕೆವು.

"ನೀವು ಮೊದಲ ಸಲ ಬರೋದು ಎರಡು ತಿಂಗಳು ತಡ ಆಗಿದ್ರೂ ಕಷ್ಟ ಇತ್ತು. ಅವತ್ತು ನಿಮ್ಮನ್ನ ಕಳಿಸಿದ್ದು ಯಾರು?" ಎಂದು ಡಾಕ್ಟರಮ್ಮ ಕೇಳಿದರು.

ಅವತ್ತು ಕಾರ್ಖಾನೆಯಲ್ಲಿ ನನ್ನ ಬಟ್ಟೆಯ ಮೇಲಿನ ಕಲೆ ನೋಡಿ ನೀನು ಎಲ್ಲರೆದುರೇ ನನ್ನ ಮಿಷಿನ್ ಆಫ್ ಮಾಡಿದ್ದೆ. "ಮುಟ್ಟು ನಿಂತು ಎರಡು ವರ್ಷ ಆಯ್ತಲ್ಲೇ, ಈ ರಕ್ತ ಎಲ್ಲಿಂದ ಬಂತು? ನಡಿ ಆಸ್ಪತ್ರೆಗೆ" ಎಂದಿದ್ದೆ. ನಾಚಿಕೆಯಿಂದ ನಿನ್ನನ್ನು ಬಾಯಿಗೆ ಬಂದಂತೆ ಬೈದು, ನಿನ್ನ ಬಾಯಿ ಮುಚ್ಚಿಸಲೆಂದೇ ನಾನು ಆಸ್ಪತ್ರೆಗೆ ಹೋಗಿದ್ದೆ.

ಅದೆಲ್ಲ ಡಾಕ್ಟರಿಗೆ ಹೇಳಲಿಲ್ಲ.

"ನನ್ನ ಗೆಳತಿ" ಎಂದೆ.