ಹಳೆಯ ಮನೆಯ ಹೆಪ್ಪು

ಅಪ್ಪಾಜಿಗೆ ಶಾರವ್ವ ಮಾಡುವ ನಮಸ್ಕಾರ.

ಎದುರಿಗೆ ನಿಂತು ಹೇಳಲು ನನಗೆ ಬಾಯಿ ಬರುವುದಿಲ್ಲ. ಅದಕ್ಕೇ ಬರೆದು ನಿಮ್ಮ ಬುತ್ತಿಯಲ್ಲಿ ಇಟ್ಟಿದ್ದೇನೆ.

ನಿನ್ನೆ ತಂಗಿ ಪ್ರಿಯದರ್ಶಿನಿ ನನ್ನನ್ನು ತನ್ನ ಕಾಲೇಜಿಗೆ ಕರೆದೊಯ್ದಳು. ನಮ್ಮ ಮನೆಯ ಮೊಸರನ್ನು ಗಾಜಿಗೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ತೋರಿಸಿದಳು. ಅಪ್ಪಾಜಿ, ನೇರಳೆ ಬಣ್ಣದ ಕಡ್ಡಿಗಳು, ಮಣಿಸರಗಳು, ಲೆಕ್ಕವಿಲ್ಲದಷ್ಟು! ಅವೇ ಹಾಲಿನ ಸಕ್ಕರೆ ತಿಂದು ಆಮ್ಲ ಮಾಡುತ್ತವಂತೆ, ಅದರಿಂದಲೇ ಹಾಲು ಮೊಸರಾಗುತ್ತದಂತೆ. ದಿನಾ ಹೆಪ್ಪು ಹಾಕುವ ನಾನು ಉಸಿರಾಡುವುದನ್ನೇ ಮರೆತು ನೋಡಿದೆ.

“ಅಕ್ಕಾ, ಡ್ಯಾಮಿನ ಹಿನ್ನೀರಾಗ ಊರು ಮುಳುಗಿದಾಗ ಆಯಿ ಹೆಪ್ಪಿನ ಗಡಿಗಿ ಬಗಲಾಗ ಹಿಡ್ಕೊಂಡು ನವನಗರಕ್ಕ ಬಂದಿದ್ಲಲ್ಲ, ಇವು ಅದರ ಮಕ್ಕಳ ಮಕ್ಕಳು” ಎಂದಳು.

“ಹಳೇ ಮನಿಯಿಂದ ಒಂದ್ ಜೀವಾನೂ ಉಳೀಲಿಲ್ಲ” ಎಂದು ನೀವು ಅನ್ನುತ್ತಿರುತ್ತೀರಿ. ನಿಮ್ಮ ಅವ್ವ ತಂದದ್ದು ಉಳಿದಿದೆ, ಅಪ್ಪಾಜಿ. ನಾನು ಕಣ್ಣಾರೆ ಕಂಡೆ.

ಎಂ.ಎಸ್ಸಿ. ಪ್ರವೇಶ ಪರೀಕ್ಷೆಯಲ್ಲಿ ಒಮ್ಮೆ ಸೋತಳೆಂದು ಪ್ರಿಯಾಳನ್ನು ಮಗ್ಗಕ್ಕೆ ಕೂರಿಸಬೇಡಿ. ಇನ್ನೊಂದು ಸಲ ಬರೆಯಲಿ. ಅವಳ ಪಾಲಿನ ಸೀರೆಯನ್ನೂ ನಾನೇ ನೇಯುತ್ತೇನೆ.

ಬುತ್ತಿಯ ಮೊಸರು ಅದೇ ಹೆಪ್ಪಿನದು. ರೊಟ್ಟಿಗೆ ಹಚ್ಚುವ ಮೊದಲು ಒಂದು ಗಳಿಗೆ ನೋಡಿ.

ನಿಮ್ಮ ಹಿರಿಮಗಳು,
ಶಾರವ್ವ