ಬೇಸ್ ನುಂಗಿದ ಶಾಲು

ರುದ್ರಣ್ಣ,

ಆ ಲೋಕದಲ್ಲೂ ನಿನಗೇ ಶಾಲು ಹೊದಿಸುತ್ತಿದ್ದಾರೋ ಹೇಗೆ? ಇಲ್ಲಿ ಇಬ್ಬರೂ ಒಂದೇ ವಾದ್ಯಗೋಷ್ಠಿಯಲ್ಲಿ ಪಕ್ಕಪಕ್ಕ ಕೂತು ಅಕಾರ್ಡಿಯನ್ ನುಡಿಸಿದರೂ ಶಾಲುಗಳೆಲ್ಲ ನಿನ್ನ ಹೆಗಲಿಗೇ ಬೀಳುತ್ತಿದ್ದವು. ನೀನು ಅದನ್ನು ಮಡಚಿ ಕುರ್ಚಿಯ ಬೆನ್ನಿಗೆ ಹಾಕಿಯೇ ಅಕಾರ್ಡಿಯನ್ ಪೆಟ್ಟಿಗೆ ಎತ್ತಿಕೊಳ್ಳುತ್ತಿದ್ದೆ. ಎಂಥ ವಿನಯ ಅಂತ ಜನ ಅದಕ್ಕೂ ಹೊಗಳುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹಿರಿಯೂರಿನ ಆ ಮದುವೆ ನೆನಪಿದೆಯಾ? ನಿನ್ನ ಎಡಗೈ ಗುಂಡಿಗಳಿಂದ ಹೊರಟ ಬೇಸ್, ಆ ಗಂಭೀರ ತಗ್ಗು ದನಿ, ಛತ್ರದ ಕೊನೇ ಸಾಲಿಗೂ ಮುಟ್ಟಿತು, ಊಟಕ್ಕೆ ಎದ್ದವರು ಮತ್ತೆ ಕೂತರು. ನನ್ನ ಪೆಟ್ಟಿಗೆ ನಿನ್ನದಕ್ಕಿಂತ ದೊಡ್ಡದು, ಹೊಸದು. ಆದರೂ... "ಲೇ ತಮ್ಮ, ತಿದಿ ಹಂಗೆ ಜಗ್ಗಬ್ಯಾಡ. ಗಾಳಿ ಸಮ ಹೋಗ್ಲಿ, ಬೇಸ್ ತಾನೇ ಬರ್ತೈತೆ" ಅಂದಿದ್ದೆ ನೀನು. ನೀನು ತೀರಿಕೊಂಡ ಮೇಲೆ ನಾನು ಮನೆಯಲ್ಲಿ ಕೂತು ಅದನ್ನೇ ಸಾಧಿಸಿದೆ. ಗೋಡೆ ಗುಮ್ಮೆನ್ನುವಷ್ಟು ಬಂತು.

ಚಿತ್ರದುರ್ಗದಲ್ಲಿ ಕಡೆಗೂ ನನಗೊಂದು ಶಾಲು ಹೊದಿಸಿದರು, ಜರಿ ಅಂಚಿನದು. ತೆಗೆದಿಡುತ್ತೇನಾ? ಎಡ ಹೆಗಲಿನಿಂದ ಇಳಿಬಿಟ್ಟು ಪ್ರತಿ ಕಾರ್ಯಕ್ರಮದಲ್ಲೂ ಹೊದ್ದುಕೊಂಡೇ ಕೂತೆ. ಮನೆಯಲ್ಲಿ ಮೊಳಗುವ ಬೇಸ್ ವೇದಿಕೆಯಲ್ಲಿ ಮಂಕಾಗತೊಡಗಿತು. ತಿದಿಯ ಮಡಿಕೆಗಳಿಗೆ ತೇಪೆ ಹಾಕಿಸಿದೆ, ಒಳಗೆ ದನಿ ಹುಟ್ಟಿಸುವ ರೀಡುಗಳ ಹಳೇ ಮೇಣ ತೆಗೆಸಿ ಹೊಸದು ಹಾಕಿಸಿದೆ. ಏನೂ ಆಗಲಿಲ್ಲ. ಸತ್ತ ಮೇಲೂ ನೀನೇ ಅದುಮಿ ಹಿಡಿದಿದ್ದೀಯ ಅನ್ನಿಸಿತು.

ಮೊನ್ನೆ ಹೊರಕೆರೆದೇವಪುರದ ಮದುವೆಯಲ್ಲಿ ನನ್ನ ಪಕ್ಕ ಕೂತಿದ್ದು ಯಾರು ಗೊತ್ತಾ? ನಿನ್ನ ಮಗಳು ಶೈಲಾ, ತೊಡೆಯ ಮೇಲೆ ನಿನ್ನ ಪೆಟ್ಟಿಗೆ. ಮೊದಲ ಹಾಡು ಮುಗಿದದ್ದೇ ನನ್ನ ಕಡೆ ಬಗ್ಗಿ ನೋಡಿದಳು.

"ಚಿಕ್ಕಪ್ಪ, ಶಾಲು ಪೆಟ್ಟಿಗೆ ಎಡಗಡೆ ತೂತುಗಳ ಮೇಲೆ ಬಿದ್ದೈತೆ ನೋಡ್ರಿ. ದನಿ ಎಲ್ಲಿಂದ ಹೊರಗೆ ಬರಬೇಕು? ಅದಕ್ಕೇ ಅಲ್ವೇನು ಅಪ್ಪ ತೆಗೆದಿಡ್ತಿದ್ದಿದ್ದು."

ಹಾಗಾದರೆ ಅದು ವಿನಯ ಅಲ್ಲ. ನನಗೇಕೆ ಹೇಳಲಿಲ್ಲ ಅಂತ ಬೈಯೋಣವೆಂದರೆ, ನನಗೆ ಆಗ ಶಾಲು ಹೊದಿಸಿದವರಾದರೂ ಯಾರಿದ್ದರು, ನೀನು ಹೇಳೋದಕ್ಕೆ... ಶಾಲು ತೆಗೆದು ನುಡಿಸಿದೆ. ಬೇಸ್ ಬಂತು. ಆದರೆ ಜನ ತಲೆದೂಗಿದ್ದು ಶೈಲಾಳಿಗೆ.

ಊಟದ ಹೊತ್ತಿಗೆ ಚಿಕ್ಕಜಾಜೂರಿನ ಹಿರಿಯರೊಬ್ಬರು ಅವಳ ಹತ್ತಿರ ಬಂದರು. "ಥೇಟ್ ರುದ್ರಣ್ಣನ ಕೈ ಕಣಮ್ಮ. ಅಪ್ಪ ಚೆನ್ನಾಗಿ ಕಲ್ಸಿದಾನೆ" ಅಂದರು. ನನ್ನ ಕೈಯಲ್ಲಿದ್ದ ಹೋಳಿಗೆ ಅಲ್ಲೇ ನಿಂತಿತು. ನೀನು ಹೋದ ಮೇಲೆ ಪ್ರತಿ ಭಾನುವಾರ ಕೂರಿಸಿಕೊಂಡು ಕಲಿಸಿದ್ದು ನಾನು. ಹೆಸರು ಮಾತ್ರ ನಿನ್ನದು. ಇದನ್ನೂ ನನಗೆ ಬಿಟ್ಟುಕೊಡಲಿಲ್ಲವಲ್ಲ ನೀನು?

ಶೈಲಾ ತಲೆ ಎತ್ತಿ ಅಂದಳು: "ಅಪ್ಪ ನಂಗೆ ಪೆಟ್ಟಿಗೆ ಮುಟ್ಟಾಕೂ ಬಿಡ್ತಿರ್ಲಿಲ್ಲ ರೀ. ನಾನು ಕಲ್ತಿದ್ದೆಲ್ಲ ಈ ಚಿಕ್ಕಪ್ಪನ ಹತ್ರ."

ಕೇಳಿಸಿತಾ ರುದ್ರಣ್ಣ? ಇನ್ನು ಉರಿದುಕೊಳ್ಳುವ ಸರದಿ ನಿನ್ನದು.

ನಿನ್ನ ತಮ್ಮ,
ಹನುಮಂತ