ಸನ್ಮಾನಕ್ಕೆ ಕೇಳಿದ ಎರಡು ಪುಟ

ಮಾರ್ಚ್ ೧೪, ಶುಕ್ರವಾರ
ಟ್ರಸ್ಟಿನ ಕಚೇರಿಯಿಂದ

ಅಪ್ಪಾ,

ಕ್ಷೇಮ ವಿಚಾರಿಸಿಯೇ ಕಾಗದ ಶುರು ಮಾಡಬೇಕು ಅನ್ನುವುದು ಅಮ್ಮ ಕಲಿಸಿದ ಪಾಠ. ಇವತ್ತೊಂದು ದಿನ ಅದನ್ನು ಬಿಡುತ್ತೇನೆ. ನೀವು ಕ್ಷೇಮವಾಗಿದ್ದೀರಿ ಅಂತ ಇಡೀ ಊರಿಗೇ ಗೊತ್ತು. ರಸ್ತೆಗಳು ಕೂಡುವಲ್ಲೆಲ್ಲ ನಿಮ್ಮ ನಗುಮುಖದ ಬೋರ್ಡು ನಿಂತಿದೆ.

ಮಂಗಳವಾರದ ಸನ್ಮಾನದಲ್ಲಿ ಓದುವುದಕ್ಕೆ ನಿಮ್ಮ ಸಾಧನೆಯ ಬಗ್ಗೆ ಎರಡು ಪುಟ ಬರೆದುಕೊಡು ಅಂದಿರಿ. "ನನ್ನ ಕಥೆ ನಿನಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಮ್ಮ" ಅಂದಿರಿ. ನಿಜ. ಅದಕ್ಕೇ ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ನನ್ನ ಮಾತು ಮುಗಿಯುವ ಮೊದಲೇ "ಆಯ್ತು, ಆಯ್ತು" ಅಂದುಬಿಡುತ್ತೀರಿ. ಕಾಗದದ ಬಾಯಿ ಹಾಗೆ ಮುಚ್ಚಿಸಲಿಕ್ಕಾಗುವುದಿಲ್ಲ.

ಹದಿನೆಂಟನೇ ವಯಸ್ಸಿಗೆ ನೀವು ಮನೆ ಬ್ರೋಕರ್ ಒಬ್ಬರ ಕೀಲಿಗೊಂಚಲು ಹಿಡಿದು ಬೀದಿ ಬೀದಿ ಅಲೆದವರು. ಬೆರಳ ಗೆಣ್ಣಿನಿಂದ ಗೋಡೆ ಬಡಿದು, ಒಳಗೆ ನೀರು ಎಲ್ಲಿ ಇಳಿಯುತ್ತಿದೆ ಅಂತ ಹೇಳುತ್ತಿದ್ದಿರಂತೆ. ಮೂವತ್ತಕ್ಕೆ, ಯಾರಿಗೂ ಬೇಡವಾಗಿದ್ದ, ಸೋರುವ ಎರಡಂತಸ್ತಿನ ಕಟ್ಟಡ ಕೊಂಡಿರಿ. ನನ್ನನ್ನು ಹೊಟ್ಟೆಯಲ್ಲಿಟ್ಟುಕೊಂಡು ಅಮ್ಮ ಅದರ ಕಿಟಕಿಗಳಿಗೆ ಬಣ್ಣ ಬಳಿದಳು. ತಾರಸಿಯ ಬಿರುಕು ನೀವು ಮುಚ್ಚಿದಿರಿ. ಕೆಳಮನೆ ದರ್ಜಿಯ ನಲ್ಲಿ ಕೆಟ್ಟರೆ ಅರ್ಧ ಊಟಕ್ಕೆ ಎದ್ದು ಸ್ಪ್ಯಾನರ್ ಹಿಡಿದು ಓಡುತ್ತಿದ್ದಿರಿ. ಆ ಅಪ್ಪನ ಬಗ್ಗೆ ಎರಡಲ್ಲ, ಇನ್ನೂರು ಪುಟ ಬರೆದೇನು.

ಆಮೇಲೆ ಕಂಪನಿ ಬಂತು. ಬೇರೆಯವರ ಬಂಡವಾಳ ತಂದು ಹಳೆಯ ಕಟ್ಟಡ ಕೊಳ್ಳುವುದು, ಒಳಗಿದ್ದವರನ್ನು ಸಾಗಹಾಕುವುದು, ಥಳಕು ಮಾಡಿ ಹೊಸಬರನ್ನು ತುಂಬಿ ಮಾರುವುದು. ಈಗ ನೀವು ಗೋಡೆ ಬಡಿಯುವುದಿಲ್ಲ, ಕಟ್ಟಡವನ್ನು ಕಣ್ಣಿನಿಂದ ನೋಡುವುದೂ ಇಲ್ಲ. ಜಾಗ ಬಿಡದ ಹಳೆಯ ಬಾಡಿಗೆದಾರರಿಗೆ ನಿಮ್ಮ ಮೀಟಿಂಗಿನಲ್ಲಿ ಒಂದು ಹೆಸರಿದೆ: 'ಅಂಟು'. "ಅಲ್ಲಿ ಇನ್ನೂ ಎಷ್ಟು ಅಂಟು ಉಳ್ಕೊಂಡಿದೆ?" ಅಂತ ಕೇಳುತ್ತೀರಿ. ಮೇಜಿನ ಸುತ್ತ ಕೂತವರೆಲ್ಲ ನಗುತ್ತಾರೆ.

ಅಮ್ಮ ತೀರಿಕೊಂಡ ವರ್ಷ ಟ್ರಸ್ಟ್ ಹುಟ್ಟಿತು. ಅವಳ ಹೆಸರಿನಲ್ಲಿ ಕಣ್ಣಿನ ತಪಾಸಣೆ, ಆಸ್ಪತ್ರೆಗೊಂದು ವಾರ್ಡು, ನಡೆಯಲಾಗದವರಿಗೆ ಗಾಲಿಕುರ್ಚಿ. ವಾರ್ಡಿನ ಬಾಗಿಲು ತೆರೆದ ದಿನ ನೀವು ಗೋಡೆಗೆ ಹಣೆ ಕೊಟ್ಟು ಅತ್ತಿರಿ. ಅದು ನಾಟಕವಲ್ಲ ಅಂತ ಬಲ್ಲೆ. ನಾಟಕವಾಗಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಆ ಅಳು ನೋಡಿಯೇ ನಾನು ಕಂಪನಿಯ ಕೆಲಸ ಬಿಟ್ಟು ಟ್ರಸ್ಟಿಗೆ ಬಂದೆ.

ಈಗ ಟೈಪಿಂಗ್ ಟೀಚರ್ ವಿಷಯ. ಅವರ ಮುಖವನ್ನು ನೀವು ನೋಡಿಲ್ಲ ಅಂದುಕೊಳ್ಳಬೇಡಿ, ನಮ್ಮ ವಾರ್ಷಿಕ ವರದಿಯ ಮುಖಪುಟದಲ್ಲಿರುವವರು ಅವರೇ. ಬೇಕರಿ ಎದುರಿನ ನಿಮ್ಮ ಕಟ್ಟಡದ ಐದನೇ ಮಹಡಿಯಲ್ಲಿ ಮೂವತ್ತೊಂದು ವರ್ಷದಿಂದ ಒಬ್ಬರೇ ಇದ್ದವರು. ವಯಸ್ಸು ಎಪ್ಪತ್ತಾರು, ಎರಡೂ ಮಂಡಿ ಹೋಗಿವೆ. ನವೆಂಬರಿನಲ್ಲಿ ಅವರಿಗೆ ಗಾಲಿಕುರ್ಚಿ ಮಂಜೂರಾಯಿತು. ಫೋಟೋಗ್ರಾಫರನ್ನು ಕರೆದುಕೊಂಡು ನಾನೇ ಹೋದೆ. ಲಿಫ್ಟಿನ ಬಾಗಿಲಿಗೆ 'ದುರಸ್ತಿಯಲ್ಲಿದೆ' ಅನ್ನುವ ಚೀಟಿ ಅಂಟಿಸಿತ್ತು. ದುರಸ್ತಿ ಅಂದರೆ ದುರಸ್ತಿ ಅಂದುಕೊಂಡೆ. ಇಬ್ಬರು ಆಳುಗಳು ಏದುಸಿರು ಬಿಡುತ್ತ ಕುರ್ಚಿಯನ್ನು ಮೇಲಕ್ಕೆ ಹೊತ್ತರು.

ಟೀಚರ್ ಚಕ್ರ ತಿರುಗಿಸಿ ನೋಡಿದರು. "ಚೆನ್ನಾಗಿದೆ ಕಣಮ್ಮ. ಅಡುಗೆಮನೆಯಿಂದ ಕಿಟಕಿ ತನಕ ಓಡಿಸ್ಕೊಂಡಿರ್ತೀನಿ. ನಾನು ಕೆಳಗಿಳಿದು ಮೂರು ತಿಂಗಳಾಯ್ತು," ಅಂದರು. ಕೊಂಕು ಇರಲಿಲ್ಲ ಅಪ್ಪಾ, ಇದ್ದದ್ದನ್ನು ಹೇಳಿದರು ಅಷ್ಟೇ. ಹಾಲು ತಂದುಕೊಡುವವರಿಲ್ಲ ಅಂತ ನಾಚುತ್ತಲೇ ಕರಿ ಟೀ ಕೊಟ್ಟರು. ನಾವು ಫೋಟೋ ತೆಗೆದುಕೊಂಡು ಬಂದೆವು.

ಫೆಬ್ರವರಿಯಲ್ಲಿ ಕಣ್ಣಿನ ಶಿಬಿರ ಇಟ್ಟೆವಲ್ಲ, ಅದರ ಕಾರ್ಡು ಅವರಿಗೂ ಹೋಯಿತು. ನನ್ನ ಸಹಿ ಇರುವ ಕಾರ್ಡು. ಕರೆದಿದ್ದಾರೆ, ಹೋಗದಿದ್ದರೆ ಚೆನ್ನಾಗಿರೋದಿಲ್ಲ ಅಂತ ಅವರು ಇಸ್ತ್ರಿ ಮಾಡಿದ ಸೀರೆ ಉಟ್ಟು, ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದರು. ಮೂರನೇ ಮಹಡಿ ದಾಟಿದ ಮೇಲೆ ಬಿದ್ದರು. ಸೊಂಟದ ಮೂಳೆ ಮುರಿಯಿತು. ಮುಕ್ಕಾಲು ಗಂಟೆ ಅಲ್ಲೇ ಬಿದ್ದಿದ್ದರು. ಬೇಕರಿಯವನು ಬ್ರೆಡ್ ಕೊಡಲು ಬಂದವನು ನೋಡಿ ಕಾರ್ಡಿನಲ್ಲಿದ್ದ ನಂಬರಿಗೆ ಫೋನ್ ಮಾಡಿದ.

ನಿಮಗೆ ತಿಳಿಸಿದೆ. "ಅಯ್ಯೋ ಪಾಪ, ನಮ್ಮ ವಾರ್ಡಿಗೇ ಸೇರ್ಸು. ಒಳ್ಳೆ ರೂಮ್ ಕೊಡ್ಸು, ಯಾವುದಕ್ಕೂ ಹಿಂದೆಮುಂದೆ ನೋಡ್ಬೇಡ," ಅಂದಿರಿ. ನನ್ನ ಅಪ್ಪ ಇನ್ನೂ ಇದ್ದಾನೆ ಅಂದುಕೊಂಡೆ. ನಾಲ್ಕನೇ ದಿನ ಅವರ ಕನ್ನಡಕ ತರಲು ಹೋದರೆ ಬಾಗಿಲಿಗೆ ಹೊಸ ಬೀಗ. ಕಂಪನಿಯ ಪಟ್ಟಿಯಲ್ಲಿ ಐದನೇ ಮಹಡಿಯ ಎದುರು 'ಖಾಲಿ' ಅಂತ ಬರೆದಾಗಿತ್ತು. ಅವರ ಸಾಮಾನು ನೆಲಮಾಳಿಗೆಯಲ್ಲಿ, ಸೋರುವ ಪೈಪಿನ ಕೆಳಗೆ. ಅವರು ಅರ್ಧ ಊರಿಗೆ ಅಕ್ಷರ ಕುಟ್ಟಲು ಕಲಿಸಿದ ಎರಡು ಟೈಪ್‌ರೈಟರ್ ಕಂಬಳಿಯೊಳಗೆ ನೆನೆದು ಕೂತಿದ್ದವು.

ಲಿಫ್ಟ್ ಮೆಕ್ಯಾನಿಕನನ್ನು ಹುಡುಕಿ ಕರೆಸಿದೆ. ಅವನು ನನ್ನ ಮುಖ ನೋಡದೆ ಹೇಳಿದ: "ಏನೂ ಕೆಟ್ಟಿಲ್ಲ ಮೇಡಂ. ಆಗಸ್ಟಲ್ಲಿ ನಾನೇ ಆಫ್ ಮಾಡಿ ಸ್ವಿಚ್ ಪೆಟ್ಟಿಗೆಗೆ ಬೀಗ ಹಾಕಿದ್ದು. ಮುಟ್ಬೇಡ ಅಂತ ಮೇಲಿಂದ ಬರೆದು ಕೊಟ್ಟಿದಾರೆ." ಬರೆದದ್ದನ್ನು ತೋರಿಸಿದ. ಕೆಳಗೆ ನಿಮ್ಮ ಸಹಿ. ಶಾಲೆಯ ಪ್ರಗತಿಪತ್ರದ ಮೇಲೆ ನಾನು ಹೆಮ್ಮೆಯಿಂದ ಹಾಕಿಸಿಕೊಳ್ಳುತ್ತಿದ್ದ ಅದೇ ಸಹಿ.

ಕೇಳಿದ್ದಕ್ಕೆ ನೀವು ಏನಂದಿರಿ? "ವ್ಯವಹಾರ ಬೇರೆ, ದಾನ ಬೇರೆ. ಅದಿಲ್ದೆ ಇದು ಎಲ್ಲಿಂದ ಬರುತ್ತೆ? ಚಿಕ್ಕ ಮಗು ಥರ ಆಡ್ಬೇಡ." ನಿಮ್ಮ ಒಂದು ಕೈ ಮೂಳೆ ಮುರಿಯುತ್ತದೆ, ಇನ್ನೊಂದು ಕೈ ಪಟ್ಟಿ ಕಟ್ಟುತ್ತದೆ. ಫೋಟೋದಲ್ಲಿ ಕಟ್ಟುವ ಕೈ ಮಾತ್ರ ಬರುತ್ತದೆ. ಆ ಕೈಗೆ ನೀವು ನನ್ನ ಅಮ್ಮನ ಹೆಸರಿಟ್ಟಿದ್ದೀರಿ! ಸಂಕಟ ಆಗುವುದಿಲ್ಲವೇ ಅಪ್ಪಾ? ಕನ್ನಡಿ ಎದುರು ನಿಂತು ಟೈ ಕಟ್ಟಿಕೊಳ್ಳುವಾಗ ನಿಮ್ಮ ಮುಖ ನೋಡಿಕೊಳ್ಳಲು ಆಗುತ್ತದೆಯೇ?

ನಿನ್ನೆ ಎಲ್ಲವನ್ನೂ ಟೀಚರಿಗೆ ಹೇಳಿದೆ. ಬೈಯುತ್ತಾರೆ, ಬೈಯಲಿ ಅಂತಲೇ ಹೋಗಿದ್ದೆ. ಅವರು ನನ್ನ ಕೈ ಹಿಡಿದುಕೊಂಡು, "ನಿನ್ನ ತಪ್ಪೇನಿದೆ ಮಗೂ? ನೀನು ಕುರ್ಚಿ ತಂದುಕೊಟ್ಟೋಳು," ಅಂದರು. ಅಲ್ಲಿ ಕೂರಲಾಗಲಿಲ್ಲ. ಎದ್ದು ಬಂದೆ.

ಇವತ್ತು ಬೆಳಗ್ಗೆ ಪೆಟ್ಟಿಗೆಯ ಬೀಗ ಒಡೆಸಿ ಲಿಫ್ಟ್ ಶುರು ಮಾಡಿಸಿದ್ದೇನೆ. ನಾಲ್ಕನೇ ಮಹಡಿಯ ಬುಕ್ ಬೈಂಡರ್ ತಾತ ಏನೂ ಕೆಲಸವಿಲ್ಲದಿದ್ದರೂ ಎರಡು ಸಲ ಇಳಿದು ಹತ್ತಿದರು. ಟೀಚರ್ ಮನೆಯ ಬಾಗಿಲು ತೆರೆಸಿ ಸಾಮಾನು ಮೇಲಕ್ಕೆ ಕಳಿಸಿದ್ದೇನೆ. ನಿಮ್ಮ ಮ್ಯಾನೇಜರ್ ಪೊಲೀಸರನ್ನು ಕರೆಯುತ್ತೇನೆಂದು ಕೂಗಾಡಿದ. ಕರೆಯಪ್ಪ ಅಂದೆ.

ಸೋಮವಾರ ಬಾಡಿಗೆ ವ್ಯಾಜ್ಯಗಳ ನ್ಯಾಯಾಲಯದಲ್ಲಿ ಟೀಚರ್ ಪರವಾಗಿ ಅರ್ಜಿ ಹಾಕಿಸಿ ಸಾಕ್ಷಿ ಹೇಳುತ್ತೇನೆ. ನಿಮ್ಮ ಸಹಿಯ ಆ ಆದೇಶ ನನ್ನ ಚೀಲದಲ್ಲಿದೆ. ಟ್ರಸ್ಟಿಗೆ ರಾಜೀನಾಮೆ ಇದರ ಜೊತೆಗಿದೆ. ಅಮ್ಮನ ಹೆಸರನ್ನು ಟ್ರಸ್ಟಿನ ಬೋರ್ಡಿನಿಂದ ತೆಗೆಸಿ. ನೀವು ತೆಗೆಸದಿದ್ದರೆ ನಾನೇ ಏಣಿ ಹಾಕುತ್ತೇನೆ. ಮಂಗಳವಾರ ಓದಲು ಬೇರೆ ಯಾರಿಂದಲಾದರೂ ಬರೆಸಿಕೊಳ್ಳಿ.

ನಿಮ್ಮ ಮಗಳು,
ಇವತ್ತಿನ ತನಕ ಟ್ರಸ್ಟಿನ ಕಾರ್ಯದರ್ಶಿ

ತಾ.ಕ.: ಇದು ಮರೆತು ಬಿಟ್ಟದ್ದಲ್ಲ, ಬೇಕೆಂದೇ ಬಿಟ್ಟದ್ದು. ನಾನಿನ್ನೂ ಕಂಪನಿಯಲ್ಲಿದ್ದಾಗ, ಕಾಲುವೆ ಪಕ್ಕದ ಕಟ್ಟಡದ ಬಗ್ಗೆ ನಡೆದ ಮೀಟಿಂಗಿನಲ್ಲಿ, "ಲಿಫ್ಟ್ ನಿಲ್ಸಿಬಿಡಿ, ಮೇಲಿನೋರು ತಾವಾಗೇ ಜಾಗ ಬಿಡ್ತಾರೆ" ಅಂತ ಮೊದಲು ಹೇಳಿದವಳು ನಾನು. "ವಯಸ್ಸಾದೋರು ಏನ್ಮಾಡ್ತಾರಮ್ಮ?" ಅಂತ ಕೇಳಿದ್ದು ಆ ಕೋಣೆಯಲ್ಲಿ ನೀವೊಬ್ಬರೇ. "ರೂಢಿ ಮಾಡ್ಕೋತಾರೆ" ಅಂದೆ. ಎಲ್ಲರೂ ನಕ್ಕರು, ನೀವೂ ಒಪ್ಪಿದಿರಿ. ಆ ಮೀಟಿಂಗಿನ ಕಡತದಲ್ಲಿ ನನ್ನ ಹೆಸರಿಲ್ಲ. ಅದನ್ನು ತೆಗೆಸಿದವರು ನೀವೇ ಅಂತ ಮೊನ್ನೆಯಷ್ಟೇ ಗೊತ್ತಾಯಿತು. ನವೆಂಬರಿನಲ್ಲಿ ಆ ಚೀಟಿ ಕಂಡ ಕೂಡಲೇ ನನಗೆ ಅದರ ಅರ್ಥ ಹೊಳೆದಿತ್ತು ಅಪ್ಪಾ. ಆದರೂ ಹತ್ತಿ ಹೋಗಿ ಫೋಟೋ ತೆಗೆಸಿದೆ. ಸೋಮವಾರ ನಿಮ್ಮ ಹೆಸರಿಗಿಂತ ಮೊದಲು ನನ್ನ ಹೆಸರು ಹೇಳುತ್ತೇನೆ. ನನ್ನನ್ನು ಉಳಿಸಲು ವಕೀಲರನ್ನು ಕಳಿಸಬೇಡಿ.